ಒಂದು ಕಪ್ ಅಕ್ಕಿ ಎಷ್ಟು ಗ್ರಾಂ? ಯಾವ ಕಪ್, ಯಾವ ಅಕ್ಕಿ?

ಪ್ರಶ್ನೆ: ಒಂದು ಅಡುಗೆಯ ವಿಧಾನದಲ್ಲಿ ‘ಒಂದೂವರೆ ಕಪ್ ಉದ್ದಕಾಳಿನ ಬಿಳಿ ಅಕ್ಕಿ, ಎರಡೂಮುಕ್ಕಾಲು ಕಪ್ ನೀರು’ ಎಂದಿದೆ. ನನ್ನ ಬಳಿ ಅಳತೆಯ ಕಪ್ ಇಲ್ಲ, ಡಿಜಿಟಲ್ ತಕ್ಕಡಿ ಇದೆ. ಒಂದು ಕಪ್ ಅಕ್ಕಿಯ ತೂಕ ಎಷ್ಟೆಂದು ಹುಡುಕಿದರೆ 180, 185, 200, 210, 225 ಹೀಗೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಕೊನೆಗೆ 200 ಎಂದು ಹಿಡಿದು 300 ಗ್ರಾಂ ಅಕ್ಕಿ ತೂಗಿ, ಅದೇ ಅನುಪಾತದಲ್ಲಿ 550 ಗ್ರಾಂ ನೀರು ಹಾಕಿದೆ. ಅಗುಳಿನ ನಡುವೆ ಗಟ್ಟಿ ಉಳಿಯಿತು. ಯಾವ ಅಂಕಿ ಸರಿ? ರೈಸ್ ಕುಕ್ಕರ್ ಜೊತೆ ಬಂದ ಕಪ್ಪನ್ನೇ ಬಳಸಬಹುದೇ? ‘ಎರಡು ಕಪ್ ಬೇಯಿಸಿದ ಅನ್ನ’ ಎಂದಿದ್ದರೆ ಎಷ್ಟು ಅಕ್ಕಿ ತೂಗಬೇಕು?

ಉತ್ತರ: ಒಲೆ ಹಚ್ಚಿ ಕಾಯುತ್ತಿದ್ದೀರಿ ಎಂದುಕೊಂಡು ಮೊದಲು ಅಂಕಿಯನ್ನೇ ಕೊಡುತ್ತೇನೆ. 280 ಗ್ರಾಂ ಅಕ್ಕಿ, 650 ಗ್ರಾಂ ನೀರು. ಈಗ ನಿಧಾನವಾಗಿ ಮಾತಾಡೋಣ.

ನಿಮ್ಮ ಅನ್ನ ಕೆಟ್ಟದ್ದು 200 ಎಂಬ ಅಂಕಿಯಿಂದಲ್ಲ. 185ರ ಬದಲು 200 ಹಿಡಿದದ್ದು ಸಣ್ಣ ತಪ್ಪು, ಅನ್ನ ಅದನ್ನು ನುಂಗಿಕೊಳ್ಳುತ್ತಿತ್ತು. ಎಡವಿದ್ದು ‘ಅದೇ ಅನುಪಾತದಲ್ಲಿ’ ಎಂದಿರಲ್ಲ, ಅಲ್ಲಿ. ಒಂದೂವರೆ ಕಪ್ಪಿಗೆ ಎರಡೂಮುಕ್ಕಾಲು ಕಪ್ ಎಂದರೆ ಸುಮಾರು 1ಕ್ಕೆ 1.83. ಆದರೆ ಅದು ಕಪ್ಪಿನ ಲೆಕ್ಕ, ತಕ್ಕಡಿಯ ಲೆಕ್ಕವಲ್ಲ. ಕಪ್ ತುಂಬ ನೀರು ಹಾಕಿದರೆ ಕಪ್ಪಿನೊಳಗೆ ಇರುವುದೆಲ್ಲ ನೀರೇ. ಕಪ್ ತುಂಬ ಅಕ್ಕಿ ಹಾಕಿದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಕ್ಕಿ, ಉಳಿದದ್ದು ಕಾಳುಗಳ ನಡುವಿನ ಗಾಳಿ. ಅಕ್ಕಿಕಾಳು ನೀರಿಗಿಂತ ಭಾರ, ಅದಕ್ಕೇ ನೀರಿಗೆ ಹಾಕಿದೊಡನೆ ತಳ ಸೇರುತ್ತದೆ. ಆದರೂ ಒಂದು ಕಪ್ ಅಕ್ಕಿ ಒಂದು ಕಪ್ ನೀರಿಗಿಂತ ಹಗುರ. ನೀರು ಮಿಲಿಲೀಟರಿಗೆ ಒಂದು ಗ್ರಾಂ ತೂಗಿದರೆ ಉದ್ದಕಾಳಿನ ಅಕ್ಕಿ ತನ್ನ ಗಾಳಿಸಮೇತ ಮಿಲಿಲೀಟರಿಗೆ 0.78 ಗ್ರಾಂ ಮಾತ್ರ.

ಹಾಗಾಗಿ ಕಪ್ಪಿನಲ್ಲಿ 1ಕ್ಕೆ 1.83 ಇದ್ದದ್ದು ತೂಕದಲ್ಲಿ 1ಕ್ಕೆ 2.35 ಆಗುತ್ತದೆ. ನಿಮ್ಮ 300 ಗ್ರಾಂ ಅಕ್ಕಿಗೆ ಸುಮಾರು 700 ಗ್ರಾಂ ನೀರು ಬೇಕಿತ್ತು. ನೀವು ಹಾಕಿದ್ದು 550. ಹೆಚ್ಚುಕಡಿಮೆ ಒಂದು ಲೋಟದಷ್ಟು ನೀರು ಕಡಿಮೆ ಬಿತ್ತು, ಅಗುಳು ಒಳಗೆ ಬೇಯಲಿಲ್ಲ. ತಕ್ಕಡಿ ಕೊಂಡ ಹೊಸತರಲ್ಲಿ ಬಹುತೇಕ ಎಲ್ಲರೂ ಮಾಡುವ ತಪ್ಪಿದು. ನಾನೂ ಮಾಡಿದ್ದೇನೆ, ಅದೂ ಅಕ್ಕಿಯನ್ನು ದೂಷಿಸುತ್ತ. ಕಪ್ಪಿನಲ್ಲಿ ‘ಒಂದಕ್ಕೆ ಎರಡು’ ಎಂದಿದ್ದರೆ ತಕ್ಕಡಿಯಲ್ಲಿ ಅದು ‘ಒಂದಕ್ಕೆ ಎರಡೂವರೆ’. ತಿರುಗುಮುರುಗಾಗಿಯೂ ಇದೇ ಗೊಂದಲವಾಗುತ್ತದೆ. ಗ್ರಾಂನಲ್ಲಿ ಬರೆದ ಅನುಪಾತವನ್ನು ಕಪ್ಪಿನದೆಂದು ತಿಳಿದು ಎಸರಿಟ್ಟರೆ ಅನ್ನ ಗಂಜಿಯ ಕಡೆಗೆ ಜಾರುತ್ತದೆ.

ಇನ್ನು ಆ ಐದು ಅಂಕಿಗಳ ಜಗಳ. ಅವುಗಳಲ್ಲಿ ಹೆಚ್ಚಿನವು ಸುಳ್ಳಲ್ಲ, ಬೇರೆ ಬೇರೆ ಕಪ್ಪುಗಳ ಮಾತು, ಅಷ್ಟೇ. ಅಮೆರಿಕದ ಅಡುಗೆಯ ಕಪ್ 236.6 ಮಿಲಿಲೀಟರ್. ಅದೇ ದೇಶದಲ್ಲಿ ಪೊಟ್ಟಣಗಳ ಮೇಲಿನ ಪೋಷಕಾಂಶದ ಲೆಕ್ಕಕ್ಕೆ 240 ಎಂದು ಹಿಡಿಯುತ್ತಾರೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳ ಮೆಟ್ರಿಕ್ ಕಪ್ 250. ಬ್ರಿಟನ್ನಿನ ಹಳೆಯ ಅರ್ಧ ಪಿಂಟ್ 284. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಲ್ಲಿ ಉದ್ದಕಾಳಿನ ಬಿಳಿ ಹಸಿ ಅಕ್ಕಿ ಕಪ್ಪಿಗೆ 185 ಗ್ರಾಂ, ಮಧ್ಯಮ ಕಾಳು 195, ಗಿಡ್ಡ ಕಾಳು 200. ಈ 185ನ್ನೇ 250ರ ಕಪ್ಪಿಗೆ ಹಿಗ್ಗಿಸಿದರೆ 195 ಆಗುತ್ತದೆ, ಗಿಡ್ಡ ಕಾಳಿನ 200 ಹಿಗ್ಗಿದರೆ 211. ನಿಮಗೆ ಸಿಕ್ಕ 180ರಿಂದ 210ರವರೆಗಿನ ಅಂಕಿಗಳೆಲ್ಲ ಇಷ್ಟರೊಳಗೇ ಸುತ್ತುತ್ತಿವೆ.

225 ಮಾತ್ರ ನನಗೆ ಅನುಮಾನ ಹುಟ್ಟಿಸುವ ಅಂಕಿ. ಇಂಗ್ಲಿಷ್ ಅಳತೆಯಲ್ಲಿ ಔನ್ಸ್ ಎಂಬ ಒಂದೇ ಹೆಸರಿಗೆ ಎರಡು ಅರ್ಥ. ದ್ರವದ ಔನ್ಸ್ ಗಾತ್ರದ್ದು, 29.57 ಮಿಲಿಲೀಟರ್. ಮಾಮೂಲಿ ಔನ್ಸ್ ತೂಕದ್ದು, 28.35 ಗ್ರಾಂ. ಕಪ್ಪೆಂದರೆ ಎಂಟು ದ್ರವ ಔನ್ಸ್. ಅದನ್ನು ಎಂಟು ತೂಕದ ಔನ್ಸ್ ಎಂದು ಓದಿದರೆ 227 ಗ್ರಾಂ ಬರುತ್ತದೆ, ಅದನ್ನು ದುಂಡಗೆ ಮಾಡಿದರೆ 225. ಹೀಗೆ ಹುಟ್ಟಿದ ಅಂಕಿ ಅಕ್ಕಿಗೂ ಹಿಟ್ಟಿಗೂ ಸಕ್ಕರೆಗೂ ಒಂದೇ ಆಗಿರುತ್ತದೆ. ಎಲ್ಲ ಪದಾರ್ಥಕ್ಕೂ ಒಂದೇ ತೂಕ ಹೇಳುವ ಪಟ್ಟಿ ಕಂಡರೆ ಅದನ್ನು ಅಲ್ಲೇ ಬಿಟ್ಟು ಮುಂದೆ ಹೋಗಿ.

ಗಿಡ್ಡ ಕಾಳು ಏಕೆ ಹೆಚ್ಚು ತೂಗುತ್ತದೆ? ಕಾಳಿನ ಒಳಗಿನ ಪದಾರ್ಥ ಒಂದೇ, ಅದೇ ಪಿಷ್ಟ. ಅಕ್ಕಿಕಾಳಿನ ಸ್ವಂತ ಸಾಂದ್ರತೆ ಉದ್ದವಿರಲಿ ಗಿಡ್ಡವಿರಲಿ ಘನ ಸೆಂಟಿಮೀಟರಿಗೆ ಸುಮಾರು 1.4 ಗ್ರಾಂ. ಬೇರೆಯಾಗುವುದು ಅವು ಒಂದರ ಪಕ್ಕ ಒಂದು ಕೂರುವ ಬಗೆ. ಅಗಲಕ್ಕಿಂತ ಮೂರು ಪಟ್ಟು ಅಥವಾ ಅದಕ್ಕೂ ಹೆಚ್ಚು ಉದ್ದವಿರುವ ಕಾಳುಗಳು ಕಡ್ಡಿ ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಬಿದ್ದು ನಡುವೆ ಜಾಗ ಬಿಡುತ್ತವೆ. ಗಿಡ್ಡ ಕಾಳು ಹೊರಳಿ ಸಂದಿಗೆ ಸೇರಿಕೊಳ್ಳುತ್ತದೆ. ಈ ವಿಷಯದಲ್ಲಿ ಒಂದು ಸೊಗಸಾದ ಪ್ರಯೋಗವಿದೆ. 2004ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಚಪ್ಪಟೆ ಮಿಠಾಯಿಗಳನ್ನು ಪಾತ್ರೆಗೆ ಸುರಿದು ನೋಡಿದರು. ದುಂಡನೆಯ ಗೋಲಿಗಳನ್ನು ಹೇಗೆಂದರೆ ಹಾಗೆ ಸುರಿದು ಅಲುಗಿಸಿದರೆ ಜಾಗದ ಶೇ 64ರಷ್ಟು ತುಂಬುತ್ತವೆ, ತುಸು ಅಪ್ಪಚ್ಚಿಯಾದ ಮಿಠಾಯಿಗಳು ಶೇ 68ಕ್ಕೂ ಮೀರಿ ತುಂಬಿದವು. ಅಂದರೆ ದುಂಡಗಿನಿಂದ ಸ್ವಲ್ಪ ದೂರ ಸರಿದ ಆಕಾರ ಒಳ್ಳೆಯದು. ಆದರೆ ಸೂಜಿಯಂತೆ ಉದ್ದವಾಗುತ್ತ ಹೋದರೆ ಲಾಭ ಮತ್ತೆ ಕರಗುತ್ತದೆ. ಉದ್ದಕಾಳಿನ 185ಕ್ಕೂ ಗಿಡ್ಡ ಕಾಳಿನ 200ಕ್ಕೂ ನಡುವಿನ ಆ 15 ಗ್ರಾಂ ಇಂಥ ಸಂದಿಗಳ ಲೆಕ್ಕ.

ಇದೇ ಕಾರಣಕ್ಕೆ ಕಪ್ಪನ್ನು ತುಂಬುವ ಕೈಯೂ ಲೆಕ್ಕಕ್ಕೆ ಬರುತ್ತದೆ. ಸುಮ್ಮನೆ ಸುರಿದ ಕಪ್ಪನ್ನು ನಾಲ್ಕು ಸಲ ಕುಟ್ಟಿ, ಇಳಿದ ಜಾಗಕ್ಕೆ ಮತ್ತೆ ಅಕ್ಕಿ ಹಾಕಿ. ತೂಕ ಶೇ 5ರಿಂದ 10ರವರೆಗೆ ಏರುತ್ತದೆ. ಅಕ್ಕಿಯೂ ಅದೇ, ಕಪ್ಪೂ ಅದೇ.

ಕುಟ್ಟುವುದಕ್ಕಿಂತ ದೊಡ್ಡ ಕಳ್ಳ ಎಂದರೆ ಗೋಪುರ. ಚಾಕುವಿನ ಬೆನ್ನಿನಿಂದ ಎಳೆದು ತಲೆ ಸಮ ಮಾಡದೆ ಕೋಡು ತುಂಬಿದ ಕಪ್ಪನ್ನೂ ‘ಒಂದು ಕಪ್’ ಎಂದೇ ಕರೆಯುವವರಿದ್ದಾರೆ. ಕಪ್ಪಿನ ಬಾಯಿ 7.5 ಸೆಂಟಿಮೀಟರ್ ಅಗಲವಿದ್ದು, ಅಕ್ಕಿಯ ಗುಡ್ಡೆ 30 ಡಿಗ್ರಿ ಇಳಿಜಾರಿನಲ್ಲಿ ನಿಂತರೆ ಆ ಗೋಪುರದಲ್ಲೇ 32 ಮಿಲಿಲೀಟರ್ ಅಕ್ಕಿ, ಅಂದರೆ ಕಪ್ಪಿನ ಶೇ 13. ಅಷ್ಟೇ ಹಿಡಿಯುವ, ಆದರೆ ಬಾಯಿ 9.5 ಸೆಂಟಿಮೀಟರ್ ಇರುವ ಕುಳ್ಳ ಕಪ್ಪಾದರೆ ಗೋಪುರ 65 ಮಿಲಿಲೀಟರಿಗೆ ಏರುತ್ತದೆ, ಅಂದರೆ ಕಾಲು ಕಪ್ಪಿಗೂ ಮಿಗಿಲು. ಅಗಲ ಸ್ವಲ್ಪವೇ ಹೆಚ್ಚಿದರೂ ಗೋಪುರ ಅಗಲದ ಘನದಷ್ಟು ಬೆಳೆಯುತ್ತದೆ. ಸರಿ, ನೀರನ್ನೂ ಗೋಪುರ ತುಂಬಿಯೇ ಹಾಕಬಹುದಲ್ಲ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ರೈಸ್ ಕುಕ್ಕರ್ ಕಪ್ಪಿನ ಬಗ್ಗೆ ಕೇಳಿದಿರಿ. ಅದನ್ನು ಅಡುಗೆ ವಿಧಾನದ ಕಪ್ಪೆಂದು ಬಳಸಬೇಡಿ. ಅದು 180 ಮಿಲಿಲೀಟರಿನದು, ಅಮೆರಿಕದ ಕಪ್ಪಿನ ಮುಕ್ಕಾಲು ಪಾಲಷ್ಟೇ. ಆ ಅಳತೆ ಬಂದದ್ದು ಜಪಾನಿನ ‘ಗೊ’ ಎಂಬ ಹಳೆಯ ಮಾನದಿಂದ. ಹತ್ತು ಗೊ ಸೇರಿದರೆ ಒಂದು ‘ಶೋ’. 1891ರ ಕಾನೂನು ಶೋವನ್ನು ಲೀಟರಿನ 2401/1331 ಎಂಬ ವಿಚಿತ್ರ ಭಿನ್ನರಾಶಿಯಲ್ಲಿ ಕಟ್ಟಿಹಾಕಿತು, ಅಂದರೆ 1.8039 ಲೀಟರ್. ವ್ಯಾಪಾರದ ಅಧಿಕೃತ ಮಾನವಾಗಿ ಅದು ಉಳಿಯಲಿಲ್ಲ, ಆದರೆ ಕುಕ್ಕರಿನ ಡಬ್ಬಿಯೊಳಗೆ ಇಂದಿಗೂ ಇದೆ. ಒಂದು ಗೊ ಗಿಡ್ಡ ಕಾಳಿನ ಅಕ್ಕಿ 150 ಗ್ರಾಂ. ಸಾವಿರ ಗೊ ಸೇರಿದರೆ ಒಂದು ‘ಕೊಕು’, ಸುಮಾರು 150 ಕಿಲೋ. ಒಬ್ಬ ಮನುಷ್ಯನಿಗೆ ವರ್ಷಕ್ಕೆ ಬೇಕಾಗುವ ಅಕ್ಕಿ ಇಷ್ಟು ಎಂದು ಹಿಂದೆ ಲೆಕ್ಕ ಹಾಕುತ್ತಿದ್ದರು.

ಕುಕ್ಕರಿನ ಪಾತ್ರೆಯ ಒಳಗಿನ ಗೆರೆಗಳು ಈ ಕಪ್ಪಿನ ಭಾಷೆಯನ್ನೇ ಆಡುತ್ತವೆ. ‘2’ ಎಂಬ ಗೆರೆ ಎರಡು 180ರ ಕಪ್ಪಿಗೆ, ಅಂದರೆ ಗಿಡ್ಡ ಕಾಳಾದರೆ 300 ಗ್ರಾಂ, ಉದ್ದಕಾಳಾದರೆ 280 ಗ್ರಾಂ ಅಕ್ಕಿಗೆ. ಕುಕ್ಕರಿನ ಕಪ್ ಕಳೆದುಹೋಗಿ, ಅಡುಗೆಮನೆಯ ದೊಡ್ಡ ಕಪ್ಪಿನಲ್ಲಿ ಎರಡು ಹಾಕಿ ‘2’ರ ಗೆರೆಗೆ ನೀರು ತುಂಬಿದರೆ ಅಕ್ಕಿ ಮೂರನೇ ಒಂದರಷ್ಟು ಹೆಚ್ಚಾಗಿ, ನೀರು ಕಡಿಮೆಯಾಗಿ ಅನ್ನ ಬಿರುಸಾಗುತ್ತದೆ. ಕಪ್ ಕಳೆದರೂ ಚಿಂತೆಯಿಲ್ಲ. 280 ಗ್ರಾಂ ತೂಗಿ, ತೊಳೆದು, ‘2’ರ ಗೆರೆಯವರೆಗೆ ನೀರು ಹಾಕಿ. ತೊಳೆಯುವ ಅಗತ್ಯವಿಲ್ಲದ ಅಕ್ಕಿಗೆ ಜಪಾನಿನಲ್ಲಿ ಇನ್ನೂ ಚಿಕ್ಕದಾದ, ಸುಮಾರು 170 ಮಿಲಿಲೀಟರಿನ ಬೇರೆಯೇ ಕಪ್ ಸಿಗುತ್ತದೆ. ಅದರಲ್ಲೂ 150 ಗ್ರಾಂ ಅಕ್ಕಿಯೇ ಹಿಡಿಯುತ್ತದೆ. ಮೇಲಿನ ತವುಡಿನ ಪುಡಿ ಹೋದ ಮೇಲೆ ಕಾಳುಗಳು ಒತ್ತಾಗಿ ಕೂರುತ್ತವೆ ಎಂಬುದೇ ಕಾರಣ. ಅಳತೆಯ ವಿಷಯದಲ್ಲಿ ಅವರು ಎಷ್ಟು ಕಟ್ಟುನಿಟ್ಟು ನೋಡಿ.

ತೊಳೆದ ಅಕ್ಕಿಯ ವಿಷಯಕ್ಕೆ ಬಂದರೆ ತಕ್ಕಡಿ ತನ್ನ ನಿಜವಾದ ಬೆಲೆ ತೋರಿಸುತ್ತದೆ. ತೊಳೆದು ಎಷ್ಟೇ ಬಸಿದರೂ ಕಾಳುಗಳ ನಡುವೆ ನೀರು ನಿಲ್ಲುತ್ತದೆ, ಅದು ನೀವು ಅಳೆದು ಹಾಕುವ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಒಂದು ದಿನ ಚೆನ್ನಾಗಿ ಬಸಿದು, ಮರುದಿನ ಅವಸರದಲ್ಲಿ ಬಸಿದರೆ ಒಂದೇ ಅಳತೆಗೆ ಎರಡು ಥರದ ಅನ್ನ. ಕಪ್ಪಿನಲ್ಲಿ ಅಳೆಯುವವರು ಇದನ್ನು ಹಿಡಿಯಲಾರರು, ನೀವು ಹಿಡಿಯಬಹುದು. ಖಾಲಿ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. 280 ಗ್ರಾಂ ಅಕ್ಕಿ ಹಾಕಿ. ತೆಗೆದುಕೊಂಡು ಹೋಗಿ ತೊಳೆಯಿರಿ, ಬಸಿಯಿರಿ, ಪಾತ್ರೆಯ ಹೊರಮೈ ಒರೆಸಿ ಮತ್ತೆ ತಕ್ಕಡಿಗೆ ತನ್ನಿ. ಈಗ 320 ತೋರಿಸಲಿ, 345 ತೋರಿಸಲಿ, ನಿಮಗೇನೂ ಆಗಬೇಕಿಲ್ಲ. 280ಕ್ಕೆ 650 ಕೂಡಿಸಿದರೆ 930. ಅಂಕಿ 930 ಆಗುವವರೆಗೆ ನೀರು ಸುರಿಯಿರಿ. ಉಳಿದಿದ್ದ ನೀರೆಷ್ಟೋ ಅದು ತಾನಾಗಿಯೇ ಲೆಕ್ಕಕ್ಕೆ ಸೇರಿತು. ತೊಳೆದ ನೀರಿನೊಂದಿಗೆ ಒಂದೆರಡು ಗ್ರಾಂ ಪಿಷ್ಟ ಹೋಗಿರುತ್ತದೆ, ಅದನ್ನು ಮರೆತುಬಿಡಿ. ನೆನೆಹಾಕುವುದಿದ್ದರೂ ಇದೇ ಉಪಾಯ, ಏಕೆಂದರೆ ನೆನೆದ ಅಕ್ಕಿ ತನ್ನ ತೂಕದ ಕಾಲುಭಾಗದಷ್ಟು ನೀರನ್ನು ಒಲೆಗೆ ಹೋಗುವ ಮೊದಲೇ ಕುಡಿದಿರಬಹುದು. ನೆನೆದ ಅಕ್ಕಿಯನ್ನು ಕಪ್ಪಿನಲ್ಲಿ ಅಳೆಯುವುದಂತೂ ಬೇಡವೇ ಬೇಡ.

ಒಂದು ಎಚ್ಚರಿಕೆ. ನೀವು ಸಿಂಕಿನ ಹತ್ತಿರ ಇರುವಾಗ ತಕ್ಕಡಿ ತಾನೇ ಆರಿಹೋಗುತ್ತದೆ, ಮಾಡಿಟ್ಟ ಸೊನ್ನೆಯೂ ಹೋಗುತ್ತದೆ. ಖಾಲಿ ಪಾತ್ರೆಯ ತೂಕವನ್ನು ಒಮ್ಮೆ ನೋಡಿ ಬರೆದಿಟ್ಟುಕೊಂಡರೆ ಈ ಕಿರಿಕಿರಿಯಿಲ್ಲ.

ಈಗ ಬೆಂದ ಅನ್ನದ ಲೆಕ್ಕ. ಹಸಿ ಅಕ್ಕಿಯಲ್ಲೂ ಸ್ವಲ್ಪ ನೀರಿರುತ್ತದೆ, ಸುಮಾರು ಶೇ 12. ಹಾಗಾದರೆ 185 ಗ್ರಾಂ ಅಕ್ಕಿಯಲ್ಲಿ ಒಣ ಪದಾರ್ಥ 163 ಗ್ರಾಂ. ಮೆತ್ತಗೆ ಬೆಂದ ಉದ್ದಕಾಳಿನ ಅನ್ನದಲ್ಲಿ ನೀರು ಶೇ 68, ಒಣ ಪದಾರ್ಥ ಶೇ 32. ಬೇಯುವಾಗ ಒಣ ಪದಾರ್ಥ ಎಲ್ಲಿಗೂ ಹೋಗುವುದಿಲ್ಲ. ಆ 163 ಗ್ರಾಂ ಶೇ 32 ಆಗಬೇಕಾದರೆ ಒಟ್ಟು ಅನ್ನ ಸುಮಾರು 510 ಗ್ರಾಂ ಇರಬೇಕು. ಅಂದರೆ ಅಕ್ಕಿ ತನ್ನ ತೂಕದ 2.75 ಪಟ್ಟು ಆಯಿತು. ಪೋಷಕಾಂಶದ ಕೋಷ್ಟಕಗಳನ್ನು ನೋಡಿದರೂ ಇದೇ ಕಾಣುತ್ತದೆ. 100 ಗ್ರಾಂ ಹಸಿ ಅಕ್ಕಿಗೆ 365 ಕ್ಯಾಲೊರಿ, 100 ಗ್ರಾಂ ಅನ್ನಕ್ಕೆ 130. ಭಾಗಿಸಿದರೆ 2.8. ಕ್ಯಾಲೊರಿ ಎಣಿಸುವವರು ಅನ್ನ ತೂಗಿ ಅಕ್ಕಿಯ ಅಂಕಿ ಬರೆದುಕೊಂಡರೆ ಊಟ ಕಾಗದದ ಮೇಲೆ ಮೂರು ಪಟ್ಟಿನ ಹತ್ತಿರ ಹೋಗುತ್ತದೆ.

ಅದೇ ಕೃಷಿ ಇಲಾಖೆಯ ಕೋಷ್ಟಕದಲ್ಲಿ ಉದ್ದಕಾಳಿನ ಅನ್ನ ಕಪ್ಪಿಗೆ 158 ಗ್ರಾಂ. ನಿಮ್ಮ ಎರಡು ಕಪ್ ಅನ್ನ 316 ಗ್ರಾಂ. ಅದನ್ನು 2.75ರಿಂದ ಭಾಗಿಸಿದರೆ 115 ಗ್ರಾಂ ಅಕ್ಕಿ. ಅನ್ನದ ಕಪ್ ಅಕ್ಕಿಯ ಕಪ್ಪಿಗಿಂತ ಹಗುರ ಎಂಬುದು ಮೊದಲ ಸಲ ಕೇಳಿದಾಗ ವಿಚಿತ್ರವಾಗಿ ಕಾಣುತ್ತದೆ. ಉಬ್ಬಿದ ಅಗುಳುಗಳು ಒಂದನ್ನೊಂದು ಹೊತ್ತು ನಿಂತು ಗಾಳಿಗೆ ಇನ್ನೂ ಹೆಚ್ಚು ಜಾಗ ಕೊಡುತ್ತವೆ, ಅಷ್ಟೇ. ಅಂಟುಅಂಟಾದ ಗಿಡ್ಡ ಕಾಳಿನ ಅನ್ನವಾದರೆ ಕಪ್ಪಿಗೆ 186ರವರೆಗೆ ಹೋಗುತ್ತದೆ, ಚಮಚದಿಂದ ಒತ್ತಿದರೆ ಅದಕ್ಕೂ ಮೇಲೆ. ಎಲ್ಲ ಅನ್ನಕ್ಕೂ 2.75 ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಶೇ 60 ನೀರಿರುವಂತೆ ಬಿಗಿಯಾಗಿ ಬೇಯಿಸಿದ 150 ಗ್ರಾಂ ಗಿಡ್ಡ ಕಾಳು 320 ಗ್ರಾಂ ಅನ್ನ ಕೊಡುತ್ತದೆ, ಎರಡು ಪಟ್ಟಿಗಿಂತ ತುಸು ಹೆಚ್ಚಷ್ಟೇ. ನಿಮ್ಮ ಮನೆಯ ಗುಣಕ ಯಾವುದೆಂದು ಒಂದು ದಿನ ಬೆಂದ ಅನ್ನವನ್ನು ತೂಗಿ ನೋಡಿದರೆ ಗೊತ್ತಾಗುತ್ತದೆ.

ಆ ದಿನ ಇನ್ನೊಂದನ್ನೂ ಗಮನಿಸಿ. ಒಲೆಗಿಡುವ ಮೊದಲು ಪಾತ್ರೆ, ಅಕ್ಕಿ, ನೀರು ಸೇರಿ ಎಷ್ಟಿತ್ತು, ಇಳಿಸಿದ ಮೇಲೆ ಎಷ್ಟಿದೆ ನೋಡಿ. ಕಡಿಮೆಯಾದದ್ದೆಲ್ಲ ಆವಿ. ಮೇಲಿನ ಲೆಕ್ಕದ ಪ್ರಕಾರ ನಿಮ್ಮ 280 ಗ್ರಾಂ ಅಕ್ಕಿ ಕುಡಿಯುವುದು ಸುಮಾರು 490 ಗ್ರಾಂ ನೀರು. ಹಾಕಿದ 650ರಲ್ಲಿ ಉಳಿದ 160 ಗ್ರಾಂ ಮುಚ್ಚಳದ ಸಂದಿಯಿಂದ ಹೋಗಲಿಕ್ಕೆಂದೇ ಇಟ್ಟ ನೀರು. ಅಕ್ಕಿ ಎರಡರಷ್ಟಾದರೆ ಕುಡಿಯುವ ನೀರು ಎರಡರಷ್ಟಾಗುತ್ತದೆ, ಆವಿ ಆಗುವುದಿಲ್ಲ. ಆವಿಯ ಲೆಕ್ಕ ಪಾತ್ರೆಯ ಬಾಯಿ, ಮುಚ್ಚಳದ ಬಿಗಿ, ಉರಿ, ಸಮಯ ಇವುಗಳಿಗೆ ಸೇರಿದ್ದು. 560 ಗ್ರಾಂ ಅಕ್ಕಿಗೆ ಕುರುಡಾಗಿ 1,300 ಹಾಕುವ ಬದಲು 980 ಮತ್ತು ಆವಿಗೆ 180ರಿಂದ 200 ಎಂದು ಹಿಡಿದು 1,170ರ ಆಸುಪಾಸು ಹಾಕಿ. ಅರ್ಧ ಅಳತೆಗೆ ಇದು ತಿರುಗುಮುರುಗು. 140 ಗ್ರಾಂ ಅಕ್ಕಿಗೆ ಲೆಕ್ಕದ 325 ಸಾಲುವುದಿಲ್ಲ, 380ರ ಹತ್ತಿರ ಬೇಕಾಗುತ್ತದೆ. ನಾನು ಒಮ್ಮೆ ನಲವತ್ತು ಜನರ ಅಡುಗೆಗೆ ನಾಲ್ಕು ಜನರ ಅಳತೆಯನ್ನು ಹತ್ತರಿಂದ ಗುಣಿಸಿ ಎಸರಿಟ್ಟಿದ್ದೆ. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಅನ್ನ ಮಾತ್ರ ಸೌಟಿಗೆ ಅಂಟಿ, ಬಡಿಸಲು ಹೋದರೆ ಬೀಳುತ್ತಲೇ ಇರಲಿಲ್ಲ. ಒತ್ತಡದ ಕುಕ್ಕರಿನಲ್ಲಿ ಆವಿಯ ನಷ್ಟ ಕಡಿಮೆ, ಅಲ್ಲಿ ನೇರ ಗುಣಾಕಾರ ಇಷ್ಟು ಕೈಕೊಡುವುದಿಲ್ಲ.

ಬೇರೆ ಅಕ್ಕಿಗಳ ಬಗ್ಗೆ ಎರಡು ಮಾತು. ಉದ್ದಕಾಳಿನ ಪಾಲಿಶ್ ಮಾಡದ ಕಂದು ಅಕ್ಕಿ, ಕುಚ್ಚಲಕ್ಕಿ, ಅಂಟಕ್ಕಿ ಎಲ್ಲವನ್ನೂ ಕಪ್ಪಿಗೆ 185 ಎಂದೇ ಹಿಡಿಯಬಹುದು. ಆದರೆ ಅವಕ್ಕೆ ಬೇಕಾದ ನೀರು ಒಂದೇ ಅಲ್ಲ. ಕಾಡಕ್ಕಿ ಎಂದು ಮಾರುವ ಕಪ್ಪು ಕಡ್ಡಿಗಳು ಸಸ್ಯಶಾಸ್ತ್ರದ ಪ್ರಕಾರ ಭತ್ತದ ಕುಲದವೇ ಅಲ್ಲ, ಅವು ಕಪ್ಪಿಗೆ 160. ಅಕ್ಕಿ ಹಿಟ್ಟು 158, ಆದರೆ ಹಿಟ್ಟನ್ನು ಕಪ್ಪಿನಲ್ಲಿ ಅಳೆಯುವುದು ಅಕ್ಕಿಗಿಂತಲೂ ಹೆಚ್ಚು ಮೋಸ, ಜರಡಿ ಹಿಡಿದದ್ದಕ್ಕೂ ಡಬ್ಬಿಯಲ್ಲಿ ಒತ್ತಿದ್ದಕ್ಕೂ ಅಜಗಜಾಂತರ.

ಮುಂದೆಂದಾದರೂ ಕಪ್ ಕೊಂಡರೆ ಮೊದಲು ಅದರ ತುಂಬ ನೀರು ಹಾಕಿ ತೂಗಿ. ಬಂದ ಗ್ರಾಂ ಎಷ್ಟೋ ಅಷ್ಟೇ ಮಿಲಿಲೀಟರ್, ಮೇಲೆ ಏನೇ ಅಚ್ಚಾಗಿರಲಿ. ಆಮೇಲೆ ನೀರು ಪೂರ್ತಿ ಒರೆಸಿ, ನಿಮ್ಮ ಅಕ್ಕಿಯನ್ನು ಸುರಿದು, ತಲೆ ಸಮ ಮಾಡಿ ಮೂರು ಸಲ ತೂಗಿ, ನಡುವಿನ ಅಂಕಿಯನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ. ಅಕ್ಕಿ ಬದಲಾದಾಗ ಅಳಿಸಿ ಮತ್ತೆ ಬರೆಯಿರಿ.

ಇನ್ನು ಧಾರಾಳವಾಗಿ ನೀರು ಕುದಿಸಿ, ಅಕ್ಕಿ ಬೇಯಿಸಿ, ಬಸಿಯುವ ಪದ್ಧತಿಯವರಾದರೆ ಇಷ್ಟು ಹೊತ್ತು ನಾನು ಹೇಳಿದ ನೀರಿನ ಲೆಕ್ಕ ಒಂದೂ ಬೇಡ. ಅಕ್ಕಿಯನ್ನು ಊಟಕ್ಕೆ ಎಷ್ಟು ಬೇಕೋ ಅಷ್ಟು ತೂಗಿ ತಕ್ಕಡಿಯನ್ನು ಪಕ್ಕಕ್ಕಿಡಿ. ಆಮೇಲೆ ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿದರಾಯಿತು.